ಮೊದಲು ಸ್ಪೀಕರ್, ಆಮೇಲೆ ವಾಲ್ವ್: ಮನೆಗೊಂದು ವಾಲ್ವ್ ಆಂಪ್ಲಿಫೈಯರ್ ಆರಿಸುವ ಬಗೆ

ವಾಲ್ವ್ ಆಂಪ್ಲಿಫೈಯರ್ ಕೊಳ್ಳಲು ಹೊರಟವರು ಹೆಚ್ಚಾಗಿ ಮೊದಲು ಕೇಳುವುದು ‘ಯಾವ ವಾಲ್ವ್ ಒಳ್ಳೆಯದು?’ ಎಂದು. ಇಎಲ್34 ಹಾಕಿದ ಸೆಟ್ ತೆಗೆದುಕೊಳ್ಳಲೇ, ಕೆಟಿ88 ತೆಗೆದುಕೊಳ್ಳಲೇ, ಎಲ್ಲರೂ ಹೊಗಳುವ 300ಬಿಗೆ ಅಷ್ಟು ದುಡ್ಡು ಸುರಿಯಬಹುದೇ ಎಂದು ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ಈ ಪ್ರಶ್ನೆ ಕೊನೆಗೆ ಬರಬೇಕಾದದ್ದು ಎಂಬುದು ನನ್ನ ಖಚಿತ ಅಭಿಪ್ರಾಯ. ಮೊದಲು ತಿಳಿಯಬೇಕಾದದ್ದು ನಿಮ್ಮ ಸ್ಪೀಕರ್ ಯಾವುದು ಎಂದು. ಟ್ರಾನ್ಸಿಸ್ಟರ್ ಆಂಪ್ಲಿಫೈಯರ್ ಮಾರುಕಟ್ಟೆಯ ಬಹುಪಾಲು ಸ್ಪೀಕರುಗಳನ್ನು ನಿಭಾಯಿಸಿಬಿಡುತ್ತದೆ. ವಾಲ್ವಿಗೆ ಆ ಸ್ವಾತಂತ್ರ್ಯವಿಲ್ಲ. ಹೊಂದಿಕೆಯಾಗುವ ಸ್ಪೀಕರ್ ಸಿಕ್ಕರೆ ಎಂಟು ವಾಟಿನ ಸೆಟ್ ಕೂಡ ಇಡೀ ಕೋಣೆಯನ್ನು ತುಂಬುತ್ತದೆ. ಹೊಂದದಿದ್ದರೆ ಲಕ್ಷಗಟ್ಟಲೆ ಬೆಲೆಯ ಸೆಟ್ಟೂ ಏದುಸಿರು ಬಿಡುತ್ತದೆ. ಕಾರಣ ತಿಳಿಯಬೇಕಾದರೆ ಪೆಟ್ಟಿಗೆಯೊಳಗೆ ನಡೆಯುವುದನ್ನು ಸ್ವಲ್ಪ ನೋಡಬೇಕು.

ವಾಲ್ವ್ ಎಂದರೆ ಗಾಳಿ ತೆಗೆದ ಗಾಜಿನ ಬುರುಡೆ. ಅದರ ನಡುವೆ ಕ್ಯಾಥೋಡ್ ಇರುತ್ತದೆ. ಹೀಟರ್ ತಂತಿ ಅದನ್ನು ಕೆಂಪಗಾಗುವಷ್ಟು ಕಾಯಿಸಿದಾಗ ಅದರ ಮೈಯಿಂದ ಎಲೆಕ್ಟ್ರಾನುಗಳು ಹೊರಬೀಳುತ್ತವೆ. ಸುತ್ತಲಿನ ಪ್ಲೇಟಿಗೆ ಮುನ್ನೂರು ನಾನೂರು ವೋಲ್ಟ್ ಕೊಟ್ಟಿರುವುದರಿಂದ ಅವು ಅತ್ತ ಓಡುತ್ತವೆ. 1906ರಲ್ಲಿ ಅಮೆರಿಕದ ಲೀ ಡಿ ಫಾರೆಸ್ಟ್ ಇವೆರಡರ ನಡುವೆ ಗ್ರಿಡ್ ಎಂಬ ಮೂರನೆಯ ತಂತಿಯನ್ನು ಇರಿಸಿದ. ಗ್ರಿಡ್‌ ಮೇಲಿನ ವೋಲ್ಟೇಜ್ ತುಸು ಏರಿಳಿದರೆ ಸಾಕು, ಪ್ಲೇಟಿನತ್ತ ಹರಿಯುವ ವಿದ್ಯುತ್ ಪ್ರವಾಹ ಬಹಳಷ್ಟು ಏರಿಳಿಯುತ್ತದೆ. ಸಣ್ಣ ಸಂಕೇತ ದೊಡ್ಡದಾಗುವುದು ಹೀಗೆ. ಇಂದು ಮಾರಾಟಕ್ಕಿರುವ ಸೆಟ್ಟುಗಳಲ್ಲೂ ಮೂಲ ಕೆಲಸ ಇದೇ.

ತೊಡಕು ಇರುವುದು ಕೊನೆಯ ಹಂತದಲ್ಲಿ. ವಾಲ್ವ್ ಕೊಡುವುದು ನೂರಾರು ವೋಲ್ಟ್. ಪ್ರವಾಹ ಮಾತ್ರ ಮಿಲಿಆಂಪಿಯರ್ ಲೆಕ್ಕದಲ್ಲಿ. ಸ್ಪೀಕರಿಗೆ ಬೇಕಾದದ್ದು ಇದರ ತದ್ವಿರುದ್ಧ. 8 ಓಮ್ ಸ್ಪೀಕರಿಗೆ (ಓಮ್ ಎಂದರೆ ಪ್ರವಾಹಕ್ಕೆ ಒಡ್ಡುವ ತಡೆಯ ಅಳತೆ) 10 ವಾಟ್ ತಲುಪಿಸಲು 9 ವೋಲ್ಟ್ ಸಾಕು, ಆದರೆ ಒಂದು ಆಂಪಿಯರಿಗಿಂತ ಹೆಚ್ಚು ಪ್ರವಾಹ ಬೇಕು. ಹಾಗಾಗಿ ಇವೆರಡನ್ನೂ ಹೊಂದಿಸಲು ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಎಂಬ ಮಧ್ಯಸ್ಥ ಬೇಕಾಗುತ್ತದೆ. ವಾಲ್ವುಗಳು ಬಯಸುವುದು 5,000 ಓಮ್, ಸ್ಪೀಕರ್ ಇರುವುದು 8 ಓಮ್ ಎಂದುಕೊಳ್ಳಿ. ಅನುಪಾತ 625. ಅದರ ವರ್ಗಮೂಲ 25. ಅಂದರೆ ಒಂದು ಬದಿಯಲ್ಲಿ ಇಪ್ಪತ್ತೈದು ಸುತ್ತು ತಂತಿಗೆ ಇನ್ನೊಂದು ಬದಿಯಲ್ಲಿ ಒಂದು ಸುತ್ತು. ಸೆಟ್ಟಿನ ಹಿಂಬದಿಯಲ್ಲಿ 4 ಓಮ್, 8 ಓಮ್ ಎಂದು ಬೇರೆ ಬೇರೆ ತಿರುಪುಗಳಿರುವುದು ಇದಕ್ಕೇ.

ಲೆಕ್ಕ ಸುಲಭ, ತಯಾರಿಕೆ ಕಷ್ಟ. ಮಂದ್ರದ ಸ್ವರಗಳು ನಷ್ಟವಾಗದೆ ದಾಟಬೇಕಾದರೆ ದೊಡ್ಡ ಕಬ್ಬಿಣದ ತಿರುಳು, ಹೆಚ್ಚು ಸುತ್ತು ಬೇಕು. ಸುತ್ತು ಹೆಚ್ಚಾದಷ್ಟೂ ತಂತಿಯ ಪದರಗಳ ನಡುವಿನ ಸೋರಿಕೆ ಹೆಚ್ಚಿ ತಾರದ ಸ್ವರಗಳು ಸವೆಯುತ್ತವೆ. ಎರಡನ್ನೂ ಉಳಿಸಿಕೊಳ್ಳಲು ಎರಡು ಬದಿಯ ತಂತಿಗಳನ್ನೂ ಪದರ ಪದರವಾಗಿ ಹೆಣೆದು ಸುತ್ತುತ್ತಾರೆ. ಈ ಕೆಲಸಕ್ಕೆ ಸಮಯ, ಒಳ್ಳೆಯ ಕಬ್ಬಿಣ, ನುರಿತ ಕೈ ಮೂರೂ ಬೇಕು. ವಾಲ್ವ್ ಸೆಟ್ಟಿಗೆ ನೀವು ಕೊಡುವ ಹಣದ ದೊಡ್ಡ ಪಾಲು ನ್ಯಾಯವಾಗಿ ಹೋಗಬೇಕಾದದ್ದು ಇಲ್ಲಿಗೆ. ವಾಲ್ವನ್ನು ಎರಡು ನಿಮಿಷದಲ್ಲಿ ಬದಲಿಸಬಹುದು, ಕೆಟ್ಟ ಟ್ರಾನ್ಸ್‌ಫಾರ್ಮರನ್ನು ಹಾಗೆ ಬದಲಿಸಲಾಗದು.

ಕೊಳ್ಳುವವರು ಇದನ್ನು ಪರೀಕ್ಷಿಸಲು ಒರಟಾದರೂ ನಂಬಬಹುದಾದ ಒಂದು ಉಪಾಯವಿದೆ: ಎತ್ತಿ ನೋಡುವುದು. ಪ್ರತಿ ಬದಿಗೆ 35 ವಾಟ್ ಕೊಡುವ ಸ್ಟೀರಿಯೊ ವಾಲ್ವ್ ಸೆಟ್ ಹದಿನೈದು ಕಿಲೋ ಆಸುಪಾಸು ತೂಗುವುದು ಸಹಜ. ಅಷ್ಟೇ ವಾಟ್ ಬರೆದಿರುವ ಸೆಟ್ ಐದಾರು ಕಿಲೋ ಇದ್ದರೆ ಕಬ್ಬಿಣ ಉಳಿಸಿದ್ದಾರೆ ಎಂದರ್ಥ. ಇನ್ನೂ ಖಚಿತವಾಗಿ ತಿಳಿಯಬೇಕಾದರೆ, ಪೂರ್ಣ ವಾಟ್ ಎಷ್ಟು ಹರ್ಟ್ಸ್‌ನಲ್ಲಿ ಸಿಗುತ್ತದೆ ಎಂದು ಕೇಳಿ. 1,000 ಹರ್ಟ್ಸ್‌ನಲ್ಲಿ ಪೂರ್ಣ ಶಕ್ತಿ ಕೊಡುವುದು ದೊಡ್ಡ ವಿಷಯವಲ್ಲ. ಮಂದ್ರದ 30 ಅಥವಾ 40 ಹರ್ಟ್ಸ್‌ನಲ್ಲಿ ಎಷ್ಟು ಎಂಬುದಕ್ಕೆ ನೇರ ಉತ್ತರ ಕೊಡುವ ತಯಾರಕರನ್ನು ನಾನು ಹೆಚ್ಚು ನಂಬುತ್ತೇನೆ.

ಎಷ್ಟು ವಾಟ್ ಬೇಕು

ಎಲ್ಲ ಸ್ಪೀಕರಿನ ವಿವರಪಟ್ಟಿಯಲ್ಲೂ ಸೆನ್ಸಿಟಿವಿಟಿ ಎಂಬ ಒಂದು ಸಂಖ್ಯೆ ಇರುತ್ತದೆ: ಒಂದು ವಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಸದ್ದು ಬರುತ್ತದೆ ಎಂಬ ಅಳತೆ. ಇಂದಿನ ಪುಟ್ಟ ಬುಕ್‌ಶೆಲ್ಫ್ ಸ್ಪೀಕರುಗಳಲ್ಲಿ ಇದು ಸಾಮಾನ್ಯವಾಗಿ 84ರಿಂದ 88. ಹಾರ್ನ್ ಇರುವ ದೊಡ್ಡ ಪೆಟ್ಟಿಗೆಗಳಲ್ಲಿ 95ರಿಂದ 105ರವರೆಗೂ ಹೋಗುತ್ತದೆ. ನೋಡಲು ಹತ್ತಿಪ್ಪತ್ತರ ಅಂತರ. ಆದರೆ ಡೆಸಿಬೆಲ್ ಲೆಕ್ಕದಲ್ಲಿ ಪ್ರತಿ ಮೂರಕ್ಕೆ ಶಕ್ತಿ ಇಮ್ಮಡಿ, ಪ್ರತಿ ಹತ್ತಕ್ಕೆ ಹತ್ತು ಪಟ್ಟು.

ಹನ್ನೆರಡು ಅಡಿಗೆ ಹದಿನಾಲ್ಕು ಅಡಿಯ ಒಂದು ಹಜಾರ, 86 ಡೆಸಿಬೆಲ್‌ನ ಒಂದು ಜೊತೆ ಸ್ಪೀಕರ್, ಕೇಳುವವರು ಸುಮಾರು ಮೂರು ಮೀಟರ್ ದೂರದಲ್ಲಿ ಕುಳಿತಿದ್ದಾರೆ ಎಂದಿಟ್ಟುಕೊಳ್ಳೋಣ. ದೂರದಿಂದ ಒಂದಿಷ್ಟು ಕಳೆದು, ಎರಡು ಸ್ಪೀಕರುಗಳಿಂದ ಒಂದಿಷ್ಟು ಕೂಡಿ, ಪ್ರತಿ ಬದಿಗೆ ಒಂದು ವಾಟ್ ಕೊಟ್ಟಾಗ ಕಿವಿಗೆ ಬರುವುದು ಸುಮಾರು 83 ಡೆಸಿಬೆಲ್. ಮನೆಯಲ್ಲಿ ತೃಪ್ತಿಯಾಗಿ ಕೇಳುವ ಸರಾಸರಿ ಮಟ್ಟ 75ರ ಹತ್ತಿರ. ಅದಕ್ಕೆ ಬೇಕಾದದ್ದು ಒಂದು ವಾಟಿನ ಆರನೇ ಒಂದು ಭಾಗ ಮಾತ್ರ! ವಾಲ್ವ್ ಸೆಟ್ಟುಗಳು ಬದುಕಿರುವುದೇ ಈ ಸತ್ಯದ ಬಲದಿಂದ.

ಆದರೆ ಸಂಗೀತ ಸರಾಸರಿಯಲ್ಲಿ ನಿಲ್ಲುವುದಿಲ್ಲ. ತನಿ ಆವರ್ತನದಲ್ಲಿ ಮೃದಂಗದ ಒಂದು ಚಾಪು ಸುತ್ತಲಿನ ಸದ್ದಿಗಿಂತ ಹದಿನೈದು ಇಪ್ಪತ್ತು ಡೆಸಿಬೆಲ್ ಮೇಲಕ್ಕೆ ಚಿಮ್ಮಬಲ್ಲದು. 95 ಡೆಸಿಬೆಲ್ ತಲುಪಬೇಕಾದರೆ ಮೇಲಿನ ಕೋಣೆಯಲ್ಲಿ ಪ್ರತಿ ಬದಿಗೆ 16 ವಾಟ್ ಬೇಕು. ಹನ್ನೆರಡು ವಾಟಿನ ಸೆಟ್ ಅಲ್ಲಿ ಮೊಂಡಾಗುತ್ತದೆ, 35 ವಾಟಿನದು ಆರಾಮವಾಗಿ ದಾಟುತ್ತದೆ. ಅದೇ ಕೋಣೆಯಲ್ಲಿ 96 ಡೆಸಿಬೆಲ್‌ನ ಸ್ಪೀಕರ್ ಇದ್ದರೆ ಅದೇ ಚಾಪಿಗೆ ಬೇಕಾದದ್ದು ಎರಡು ವಾಟಿಗಿಂತ ಕಡಿಮೆ. ಸ್ಪೀಕರ್ ಬದಲಾದದ್ದಕ್ಕೆ ಆಂಪ್ಲಿಫೈಯರಿನ ಆಯ್ಕೆಯೇ ತಲೆಕೆಳಗಾಯಿತು. ಆದರೆ 35 ವಾಟ್ ಬಿಟ್ಟು 70 ವಾಟಿನ ಸೆಟ್ ಕೊಂಡರೆ ಸಿಗುವುದು ಮೂರೇ ಡೆಸಿಬೆಲ್. ಅದಕ್ಕಾಗಿ ಎರಡು ಪಟ್ಟು ಹಣ ಕೊಡುವ ಮೊದಲು ಎರಡು ಸಲ ಯೋಚಿಸಬೇಕು.

ಇದರ ಹಿಂದೆ ಒಂದು ಇತಿಹಾಸವಿದೆ. 1947ರಲ್ಲಿ ಇಂಗ್ಲೆಂಡಿನ ವಿಲಿಯಮ್ಸನ್ ಪ್ರಕಟಿಸಿದ, ಜಗತ್ತಿನಾದ್ಯಂತ ಹವ್ಯಾಸಿಗಳು ಮನೆಯಲ್ಲೇ ಕಟ್ಟಿಕೊಂಡ ಹೆಸರಾಂತ ಆಂಪ್ಲಿಫೈಯರ್ ಕೊಡುತ್ತಿದ್ದದ್ದು 15 ವಾಟ್. 1953ರ ಕ್ವಾಡ್ 2 ಕೂಡ ಅಷ್ಟೇ. ಆಗಿನ ಸ್ಪೀಕರುಗಳು ಬೀರುವಿನಷ್ಟು ದೊಡ್ಡವು, ಕಡಿಮೆ ಶಕ್ತಿಗೇ ಗಟ್ಟಿಯಾಗಿ ನುಡಿಯುತ್ತಿದ್ದವು. 1954ರಲ್ಲಿ ಅಮೆರಿಕದ ಎಡ್ಗರ್ ವಿಲ್ಚರ್ ಗಾಳಿಯಾಡದಂತೆ ಮುಚ್ಚಿದ ಸಣ್ಣ ಪೆಟ್ಟಿಗೆಯಿಂದಲೇ ಆಳವಾದ ಮಂದ್ರ ಹೊರಡಿಸುವ ಸ್ಪೀಕರನ್ನು ತಂದರು. ಗಾತ್ರ ಇಳಿಯಿತು, ಮಂದ್ರ ಉಳಿಯಿತು, ಸೆನ್ಸಿಟಿವಿಟಿ ಬಲಿಯಾಯಿತು. ಮುಂದೆ ಟ್ರಾನ್ಸಿಸ್ಟರ್ ಬಂದು ವಾಟುಗಳನ್ನು ಅಗ್ಗವಾಗಿಸಿದ್ದರಿಂದ ಯಾರಿಗೂ ಅದು ಕೊರತೆ ಎನಿಸಲಿಲ್ಲ. ಇಂದು ವಾಲ್ವಿಗೆ ಮರಳುವವರು ಮಾತ್ರ ಆ ಬಲಿಯ ಬೆಲೆ ತೆರಬೇಕಾಗುತ್ತದೆ.

ಈಗ ವಾಲ್ವುಗಳ ಹೆಸರಿಗೆ ಬರಬಹುದು. ಒಂದೇ ವಾಲ್ವ್ ಸಂಕೇತದ ಎರಡೂ ಅರ್ಧವನ್ನು ಹೊತ್ತರೆ ಅದು ಸಿಂಗಲ್ ಎಂಡೆಡ್. ಎರಡು ವಾಲ್ವುಗಳು ಒಂದು ತಳ್ಳಿ ಇನ್ನೊಂದು ಎಳೆದು ಕೆಲಸ ಹಂಚಿಕೊಂಡರೆ ಪುಷ್-ಪುಲ್. ಸಿಂಗಲ್ ಎಂಡೆಡ್ ಜೋಡಣೆಯಲ್ಲಿ 2ಎ3 ಕೊಡುವುದು ಮೂರೂವರೆ ವಾಟ್, 300ಬಿ ಸುಮಾರು ಎಂಟು ವಾಟ್. ಪುಷ್-ಪುಲ್‌ನಲ್ಲಿ ಒಂದು ಜೊತೆ ಇಎಲ್84 ಹತ್ತರಿಂದ ಹದಿನೈದು, ಇಎಲ್34 ಮೂವತ್ತರಿಂದ ನಲವತ್ತು, ಕೆಟಿ88 ಐವತ್ತು ಮತ್ತು ಅದಕ್ಕೂ ಹೆಚ್ಚು. ಸಿಂಗಲ್ ಎಂಡೆಡ್‌ನಲ್ಲಿ ಟ್ರಾನ್ಸ್‌ಫಾರ್ಮರಿನೊಳಗೆ ನೇರ ವಿದ್ಯುತ್ ಸದಾ ಒಂದೇ ದಿಕ್ಕಿನಲ್ಲಿ ಹರಿದು ಕಬ್ಬಿಣವನ್ನು ಕಾಂತಗೊಳಿಸುತ್ತಿರುತ್ತದೆ. ಅದನ್ನು ತಡೆದುಕೊಳ್ಳಲು ತಿರುಳಿನಲ್ಲಿ ಸಣ್ಣ ಸೀಳು ಬಿಡಬೇಕು, ಗಾತ್ರವನ್ನೂ ಹಿಗ್ಗಿಸಬೇಕು. ಪುಷ್-ಪುಲ್‌ನಲ್ಲಿ ಎರಡು ಪ್ರವಾಹಗಳು ಪರಸ್ಪರ ವಜಾ ಆಗುವುದರಿಂದ ಈ ಕಾಟವಿಲ್ಲ. ಎಂಟು ವಾಟಿನ ಒಳ್ಳೆಯ 300ಬಿ ಸೆಟ್ ಮೂವತ್ತೈದು ವಾಟಿನ ಇಎಲ್34 ಸೆಟ್ಟಿಗಿಂತ ದುಬಾರಿಯಾಗುವುದಕ್ಕೆ ವಾಲ್ವಿನ ಬೆಲೆಯಷ್ಟೇ ಇದೂ ಕಾರಣ.

ಸಾಮಾನ್ಯ ಸ್ಪೀಕರ್ ಇರುವ ಸಾಮಾನ್ಯ ಮನೆಗೆ ಇಎಲ್34 ಪುಷ್-ಪುಲ್‌ಗಿಂತ ಸರಿಯಾದ ಆರಂಭ ನನಗೆ ಕಾಣುವುದಿಲ್ಲ. 1959ರ ಡೈನಾಕೊ ಎಸ್‌ಟಿ-70 ಇದೇ ವಾಲ್ವಿನಿಂದ ಪ್ರತಿ ಬದಿಗೆ 35 ವಾಟ್ ಕೊಟ್ಟು ವಾಲ್ವ್ ಯುಗದ ಅತ್ಯಂತ ಜನಪ್ರಿಯ ಸೆಟ್ಟುಗಳಲ್ಲಿ ಒಂದಾಯಿತು. ಚಿಕ್ಕ ಕೋಣೆ, ಹತ್ತಿರದ ಕುರ್ಚಿ, 90 ಡೆಸಿಬೆಲ್ ದಾಟುವ ಸ್ಪೀಕರ್ ಇದ್ದರೆ ಇಎಲ್84 ಕಡಿಮೆ ಖರ್ಚಿನಲ್ಲಿ ದೊಡ್ಡ ಸಂತೋಷ ಕೊಡುತ್ತದೆ. 300ಬಿ ಬೇಕೆನ್ನುವವರು ಮೊದಲು 95ರ ಮೇಲಿನ ಸ್ಪೀಕರಿಗೆ ಜಾಗ, ಹಣ ಎರಡನ್ನೂ ಹೊಂದಿಸಿಕೊಳ್ಳಲಿ.

ಯಾರೂ ಹೇಳದ ಇನ್ನೊಂದು ಸಂಖ್ಯೆ

ವಾಟ್ ಸರಿಹೋದರೂ ಜೋಡಿ ಕೂಡದೆ ಇರಬಹುದು. ಅದಕ್ಕೆ ಕಾರಣ ಆಂಪ್ಲಿಫೈಯರಿನ ಒಳಗೇ ಅಡಗಿರುವ ತಡೆ, ಅಂದರೆ ಔಟ್‌ಪುಟ್ ಇಂಪೀಡೆನ್ಸ್. ಟ್ರಾನ್ಸಿಸ್ಟರ್ ಸೆಟ್ಟುಗಳಲ್ಲಿ ಇದು ಒಂದು ಓಮ್‌ನ ಹತ್ತನೇ ಒಂದು ಭಾಗ, ಅಥವಾ ಇನ್ನೂ ಕಡಿಮೆ. ಫೀಡ್‌ಬ್ಯಾಕ್ (ಔಟ್‌ಪುಟ್ಟಿನ ಒಂದಂಶವನ್ನು ಹಿಂದಕ್ಕೆ ಕೊಟ್ಟು ತಪ್ಪು ತಿದ್ದುವ ಏರ್ಪಾಡು) ಇಲ್ಲದ 300ಬಿ ಸೆಟ್ಟಿನಲ್ಲಿ ಎರಡು ಮೂರು ಓಮ್ ಇರುವುದುಂಟು. ಸ್ಪೀಕರಿನ ‘8 ಓಮ್’ ಎಂಬುದೂ ಹೆಸರಿಗೆ ಮಾತ್ರ: ಅದೇ ಸ್ಪೀಕರ್ ಒಂದು ಸ್ವರಕ್ಕೆ 25 ಓಮ್ ಆಗಿ, ಇನ್ನೊಂದಕ್ಕೆ 5 ಓಮ್‌ಗೆ ಇಳಿಯುತ್ತದೆ. ಇಂಥ ಸ್ಪೀಕರನ್ನು 3 ಓಮ್‌ನ ಆಂಪ್ಲಿಫೈಯರಿಗೆ ಕಟ್ಟಿದರೆ ಮೊದಲನೆಯ ಸ್ವರ ಎರಡನೆಯದಕ್ಕಿಂತ ಮೂರು ಡೆಸಿಬೆಲ್ ಜೋರಾಗುತ್ತದೆ. ಯಾರೋ ಕಾಣದ ಕೈ ಟೋನ್ ಗುಂಡಿ ತಿರುಗಿಸಿದಷ್ಟು ವ್ಯತ್ಯಾಸ ಇದು. 0.1 ಓಮ್‌ನ ಆಂಪ್ಲಿಫೈಯರಿನಲ್ಲಿ ಅದೇ ಅಂತರ ಒಂದು ಡೆಸಿಬೆಲ್‌ನ ಏಳನೇ ಒಂದು ಭಾಗ, ಕಿವಿಗೆ ನಿಲುಕದ್ದು.

ಡ್ಯಾಂಪಿಂಗ್ ಫ್ಯಾಕ್ಟರ್ ಎಂದು ವಿವರಪಟ್ಟಿಯಲ್ಲಿ ಬರೆಯುವುದು ಇದನ್ನೇ: 8 ಓಮನ್ನು ಈ ಒಳ ಓಮ್‌ನಿಂದ ಭಾಗಿಸಿದ ಸಂಖ್ಯೆ. ಅದು ಮೂರರ ಹತ್ತಿರವಿದ್ದರೆ ಇಂಪೀಡೆನ್ಸ್ ಹೆಚ್ಚು ಏರಿಳಿಯದ ಸ್ಪೀಕರ್ ಬೇಕು. ಹತ್ತರ ಮೇಲಿದ್ದರೆ ಆಯ್ಕೆ ಸಡಿಲವಾಗುತ್ತದೆ. ಸ್ಪೀಕರ್ ಪರೀಕ್ಷಿಸುವ ಪತ್ರಿಕೆಗಳು ಇಂಪೀಡೆನ್ಸಿನ ಗೆರೆಯನ್ನು ಪ್ರಕಟಿಸುತ್ತವೆ; ಸೆನ್ಸಿಟಿವಿಟಿಯ ಜೊತೆಗೆ ಆ ಗೆರೆ ಎಲ್ಲೂ ಐದಾರು ಓಮ್‌ಗಿಂತ ಕೆಳಗಿಳಿಯದೆ ಇರುವುದನ್ನು ನೋಡಿಕೊಳ್ಳಿ. ಬಿಬಿಸಿಯ ಎಂಜಿನಿಯರುಗಳು ರೂಪಿಸಿದ ಎಲ್ಎಸ್3/5ಎ ಎಂಬ ಪುಟ್ಟ ಸ್ಪೀಕರ್ ಇದಕ್ಕೆ ಒಳ್ಳೆಯ ಉದಾಹರಣೆ. ಅದರ ಸೆನ್ಸಿಟಿವಿಟಿ 83ರ ಆಸುಪಾಸು, ಲೆಕ್ಕಕ್ಕೆ ವಾಲ್ವಿಗೆ ಒಗ್ಗಬಾರದು. ಆದರೆ ಮೂಲ ಮಾದರಿಯ ಇಂಪೀಡೆನ್ಸ್ 15 ಓಮ್. ಭಾರ ಹಗುರವಾದ್ದರಿಂದ ಚಿಕ್ಕ ಕೋಣೆಯಲ್ಲಿ ಅದನ್ನು ವಾಲ್ವ್ ಸೆಟ್ಟಿನೊಂದಿಗೆ ಕೇಳುವವರು ಇಂದಿಗೂ ಇದ್ದಾರೆ, ಮನುಷ್ಯ ಕಂಠಕ್ಕೆ ಅದನ್ನು ಮೀರಿಸಿದ್ದು ಕಡಿಮೆ ಎನ್ನುತ್ತಾರೆ.

ಹಾಗಾದರೆ ‘ವಾಲ್ವ್ ನಾದ’ ಎನ್ನುವುದು ಏನು? ಅದರ ಒಂದು ಪಾಲು ಈಗ ಹೇಳಿದ ಕಾಣದ ಟೋನ್ ಗುಂಡಿಯೇ. ಇನ್ನೊಂದು ಪಾಲು ವಾಲ್ವ್ ತಾನಾಗಿ ಸೇರಿಸುವ ಉಪಸ್ವರಗಳು. ಸಿಂಗಲ್ ಎಂಡೆಡ್ ಸೆಟ್ ಹೆಚ್ಚಾಗಿ ಸೇರಿಸುವುದು ಎರಡನೆಯ ಉಪಸ್ವರವನ್ನು. ಷಡ್ಜ ನುಡಿದರೆ ಅದು ಮೇಲಿನ ಸ್ಥಾಯಿಯ ಷಡ್ಜ. ಮೂರನೆಯದು ಅದರ ಮೇಲಿನ ಪಂಚಮ, ಐದನೆಯದು ಅಂತರ ಗಾಂಧಾರ. ತಂಬೂರಿ ಶ್ರುತಿಗೆ ಕೂತಾಗ ತಾನಾಗಿ ಕೇಳುವ ಗಾಂಧಾರ ಅದೇ. ಏಳನೆಯದು ಮಾತ್ರ ಕೈಶಿಕಿ ನಿಷಾದಕ್ಕಿಂತ ತುಸು ಕೆಳಗೆ ಬಿದ್ದು ಕಿವಿಗೆ ಕಿರಿಕಿರಿ. ವಾಲ್ವ್ ತನ್ನ ಮಿತಿಗೆ ಹತ್ತಿರವಾದಾಗ ಕೆಳಗಿನ, ಕೂಡಿಕೊಳ್ಳುವ ಉಪಸ್ವರಗಳೇ ಮೊದಲು ಏರುತ್ತವೆ. ಟ್ರಾನ್ಸಿಸ್ಟರ್ ಮಿತಿ ಮೀರಿದಾಗ ಮೇಲಿನ ಒರಟು ಉಪಸ್ವರಗಳು ಒಮ್ಮೆಗೇ ನುಗ್ಗುತ್ತವೆ. ಮಿತಿಯೊಳಗೆ ಇದ್ದಾಗಲಾದರೆ ಇಂದಿನ ಸಾಧಾರಣ ಬೆಲೆಯ ಟ್ರಾನ್ಸಿಸ್ಟರ್ ಸೆಟ್ ಅಳತೆಯಲ್ಲಿ ಬಹುತೇಕ ಎಲ್ಲ ವಾಲ್ವ್ ಸೆಟ್ಟುಗಳಿಗಿಂತ ನಿಖರ. ಇದನ್ನು ಮುಚ್ಚಿಟ್ಟು ವಾಲ್ವ್ ಮಾರುವವರ ಮಾತನ್ನು ನಂಬಬೇಡಿ.

1985ರಲ್ಲಿ ಬಾಬ್ ಕಾರ್ವರ್ ಎಂಬ ಅಮೆರಿಕನ್ ವಿನ್ಯಾಸಕಾರರು ಇದನ್ನು ಕಣ್ಣೆದುರೇ ತೋರಿಸಿದರು. ‘ಸ್ಟೀರಿಯೋಫೈಲ್’ ಪತ್ರಿಕೆಯ ಸಂಪಾದಕರು ಆರಿಸಿದ ದುಬಾರಿ ವಾಲ್ವ್ ಆಂಪ್ಲಿಫೈಯರಿನ ನಾದವನ್ನು ತಮ್ಮ ಅಗ್ಗದ ಟ್ರಾನ್ಸಿಸ್ಟರ್ ಸೆಟ್ಟಿನಿಂದಲೇ ಹೊರಡಿಸುವುದಾಗಿ ಪಣ ತೊಟ್ಟು, ಎರಡರ ಔಟ್‌ಪುಟ್ಟನ್ನೂ ಹೋಲಿಸಿ ಹೋಲಿಸಿ ತಮ್ಮದನ್ನು ತಿದ್ದಿದರು. ಕೊನೆಗೆ ಸಂಪಾದಕರಿಗೆ ಎರಡನ್ನೂ ಬೇರ್ಪಡಿಸಿ ಗುರುತಿಸಲಾಗಲಿಲ್ಲ. ವಾಲ್ವ್ ಸುಳ್ಳು ಎಂದು ಇದರ ಅರ್ಥವಲ್ಲ. ಆ ನಾದಕ್ಕೆ ಅಳೆಯಬಹುದಾದ ಕಾರಣಗಳಿವೆ, ಅದು ಗಾಜಿನೊಳಗಿನ ಮಂತ್ರವಲ್ಲ ಎಂದು ಅರ್ಥ. ಗಂಗೂಬಾಯಿ ಹಾನಗಲ್ ಅವರ ಕಂಠದ ಭಾರ, ಹಳೆಯ ಆಕಾಶವಾಣಿ ಧ್ವನಿಮುದ್ರಣಗಳ ಪಿಟೀಲು ವಾಲ್ವ್ ಸೆಟ್ಟಿನಲ್ಲಿ ನನಗೆ ಹೆಚ್ಚು ಹತ್ತಿರವಾಗುತ್ತವೆ. ಆ ಹತ್ತಿರ ನನಗೆ ಬೇಕು, ಕಾರಣ ಗೊತ್ತಿದ್ದೂ ಬೇಕು.

ನಮ್ಮ ಕರೆಂಟು, ನಮ್ಮ ಸೆಕೆ

ಒಂದು ಇಎಲ್34 ವಾಲ್ವಿನ ಹೀಟರಿಗೇ ಒಂಬತ್ತೂವರೆ ವಾಟ್ ಬೇಕು. ನಾಲ್ಕು ವಾಲ್ವಿನ ಸೆಟ್ ಹಾಡು ನುಡಿಸದೆ ಸುಮ್ಮನೆ ಕೂತಿದ್ದರೂ ಗೋಡೆಯಿಂದ ಸುಮಾರು 150 ವಾಟ್ ಎಳೆಯುತ್ತದೆ, ಅಷ್ಟೂ ಬಿಸಿಯಾಗಿ ಕೋಣೆಗೆ ಇಳಿಯುತ್ತದೆ. ಮಡಿಕೇರಿಯಲ್ಲಿ ಇದು ಹಿತ, ಏಪ್ರಿಲ್ ತಿಂಗಳ ಕಲಬುರಗಿಯಲ್ಲಿ ಅಲ್ಲ. ಮುಚ್ಚಿದ ಶೋಕೇಸಿನೊಳಗೆ ಇಡಲೇಬಾರದು. ಮೇಲೆ, ಸುತ್ತ ಗಾಳಿಯಾಡಬೇಕು. ಮನೆಯಲ್ಲಿ ಮಕ್ಕಳಿದ್ದರೆ ವಾಲ್ವಿನ ಮೇಲಿನ ಲೋಹದ ಜಾಲರಿಯನ್ನು ತೆಗೆಯಬೇಡಿ. ಗಾಜು ಕೈ ಸುಡುತ್ತದೆ, ಒಳಗೆ ಪ್ರಾಣ ತೆಗೆಯುವಷ್ಟು ವೋಲ್ಟೇಜ್ ಇರುತ್ತದೆ. ಸ್ವಿಚ್ ಆರಿಸಿ, ಪ್ಲಗ್ ಕಿತ್ತ ಮೇಲೂ ಕೆಪಾಸಿಟರುಗಳಲ್ಲಿ ಆ ವೋಲ್ಟೇಜ್ ಉಳಿದಿರಬಹುದು. ತಿಳಿಯದವರು ತಳದ ಮುಚ್ಚಳ ಬಿಚ್ಚಬಾರದು.

ವಿದೇಶದಿಂದ ತರಿಸುವ ಹಳೆಯ ಸೆಟ್ಟುಗಳಲ್ಲಿ ವೋಲ್ಟೇಜಿನದೇ ದೊಡ್ಡ ತಲೆನೋವು. ಅಮೆರಿಕದ್ದು 120 ವೋಲ್ಟ್, ಜಪಾನಿನದು 100. ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್ ಹಾಕಿದರೂ ಆವರ್ತಸಂಖ್ಯೆ ಬದಲಾಗುವುದಿಲ್ಲ. 60 ಹರ್ಟ್ಸಿಗೆಂದೇ ಮಾಡಿದ ಪವರ್ ಟ್ರಾನ್ಸ್‌ಫಾರ್ಮರ್ ನಮ್ಮ 50 ಹರ್ಟ್ಸಿನಲ್ಲಿ ಹೆಚ್ಚು ಕಾಯುತ್ತದೆ. 220 ವೋಲ್ಟಿಗೆ ರೂಪಿಸಿದ ಸೆಟ್ಟಿಗೆ 240 ವೋಲ್ಟ್ ಬಂದರೆ 6.3 ವೋಲ್ಟಿನ ಹೀಟರ್ 6.9ರ ಹತ್ತಿರ ಹೋಗುತ್ತದೆ, ಅದು ಸಹಿಸಬಲ್ಲ ಮಿತಿಯ ಅಂಚು. ಕರೆಂಟು ಏರಿಳಿಯುವ ಊರಿನಲ್ಲಿ ಒಳ್ಳೆಯ ಸ್ಟೆಬಿಲೈಸರ್, ಸರಿಯಾದ ಅರ್ಥಿಂಗ್ ಎರಡೂ ಇರಲೇಬೇಕು. ‘ಗುಂಯ್’ ಎಂಬ ಹಮ್ಮಿಗೆ ಎಷ್ಟೋ ಸಲ ಅರ್ಥಿಂಗಿನ ದೋಷವೇ ಮೂಲ.

ಪವರ್ ವಾಲ್ವುಗಳ ಆಯುಸ್ಸು ಸಾಮಾನ್ಯವಾಗಿ ಎರಡರಿಂದ ಐದು ಸಾವಿರ ಗಂಟೆ. ದಿನಕ್ಕೆ ನಾಲ್ಕು ಗಂಟೆ ಕೇಳುವವರಿಗೆ ಒಂದೂವರೆ ವರ್ಷದಿಂದ ಮೂರೂವರೆ ವರ್ಷ. ಸಂಕೇತ ಮೊದಲು ಹೊಗುವ ಹಂತದ ಸಣ್ಣ ವಾಲ್ವುಗಳು ಇದಕ್ಕಿಂತ ಬಹುಕಾಲ ಬಾಳುತ್ತವೆ. ಹೊಸ ಪವರ್ ವಾಲ್ವ್ ಹಾಕಿದಾಗ ಬಯಾಸ್, ಅಂದರೆ ಸುಮ್ಮನಿದ್ದಾಗ ಅದರಲ್ಲಿ ಹರಿಯಬೇಕಾದ ಪ್ರವಾಹ, ಸರಿಯಿರಬೇಕು. ಕ್ಯಾಥೋಡ್ ಬಯಾಸ್ ಇರುವ ಸೆಟ್ ಇದನ್ನು ತಾನೇ ನೋಡಿಕೊಳ್ಳುತ್ತದೆ. ಫಿಕ್ಸ್‌ಡ್ ಬಯಾಸ್ ಸೆಟ್ ಸ್ವಲ್ಪ ಹೆಚ್ಚು ವಾಟ್ ಕೊಡುತ್ತದೆ, ಆದರೆ ಮಲ್ಟಿಮೀಟರ್ ಹಿಡಿದು ತಿರುಪು ತಿರುಗಿಸಬೇಕು. ಅದಕ್ಕೆ ಹೊರಗಡೆಯೇ ಅಳತೆಯ ಬಿಂದುಗಳನ್ನೋ ಮೀಟರನ್ನೋ ಕೊಟ್ಟಿರುವ ಸೆಟ್ ಆದರೆ ಹೆದರಬೇಕಿಲ್ಲ. ಮೊದಲ ಸಲ ಕೊಳ್ಳುವವರಿಗೆ ಕ್ಯಾಥೋಡ್ ಬಯಾಸ್ ನಿಶ್ಚಿಂತೆ.

ಇಂದು ಹೊಸ ವಾಲ್ವುಗಳು ಮುಖ್ಯವಾಗಿ ಬರುವುದು ಸ್ಲೊವಾಕಿಯಾ, ರಷ್ಯಾ, ಚೀನಾಗಳಿಂದ. 2022ರಲ್ಲಿ ರಷ್ಯಾದಿಂದ ಪೂರೈಕೆ ಕೆಲಕಾಲ ನಿಂತಾಗ ಜಗತ್ತಿನಲ್ಲೆಲ್ಲ ಬೆಲೆ ಏರಿತು. ಸುಲಭವಾಗಿ ಸಿಗುವ ಇಎಲ್34, ಇಎಲ್84, ಮೊದಲ ಹಂತದ ಸಣ್ಣ ವಾಲ್ವಾದ ಇಸಿಸಿ83 ಇವುಗಳನ್ನು ಬಳಸುವ ಸೆಟ್ ಜಾಣತನ ಎನ್ನುವುದು ಇದಕ್ಕೇ. ನಮ್ಮ ಬೆಂಗಳೂರಿಗೂ ಇದರಲ್ಲಿ ಪಾಲಿದೆ. 1954ರಲ್ಲಿ ಆರಂಭವಾದ ಭಾರತ್ ಎಲೆಕ್ಟ್ರಾನಿಕ್ಸ್ 1960ರ ದಶಕದಲ್ಲಿ ಜಾಲಹಳ್ಳಿಯಲ್ಲಿ ರೇಡಿಯೊ ವಾಲ್ವುಗಳನ್ನು ತಯಾರಿಸುತ್ತಿತ್ತು. ಬಿಇಎಲ್ ಮುದ್ರೆಯ ಹಳೆಯ ದಾಸ್ತಾನಿನ ವಾಲ್ವುಗಳನ್ನು ಹೊರದೇಶದ ಹವ್ಯಾಸಿಗಳೂ ಹುಡುಕಿ ಕೊಳ್ಳುತ್ತಾರೆ. ಸಿಕ್ಕರೆ ಟೆಸ್ಟರಿನಲ್ಲಿ ಪರೀಕ್ಷಿಸಿಯೇ ತೆಗೆದುಕೊಳ್ಳಿ. ಬೇರೆ ಬೇರೆ ಕಂಪನಿಯ ವಾಲ್ವ್ ಹಾಕಿ ಹಾಕಿ ನೋಡುವ ಹುರುಪನ್ನು ಮೊದಲ ವರ್ಷ ತಡೆದುಕೊಂಡು, ಆ ಹಣವನ್ನು ಸ್ಪೀಕರಿನ ಮೇಲೆ ಹಾಕುವುದು ಮೇಲು.

ಕೆಲವು ಸಾವಿರ ರೂಪಾಯಿಗೆ ಸಿಗುವ ‘ವಾಲ್ವ್ ಆಂಪ್ಲಿಫೈಯರ್’ಗಳ ಬಗ್ಗೆ ಎಚ್ಚರವಿರಲಿ. ಅಂಗೈಯಲ್ಲಿ ಹಿಡಿಸುವ ಇಂಥ ಪೆಟ್ಟಿಗೆಗಳಲ್ಲಿ ಸ್ಪೀಕರನ್ನು ನಡೆಸುವುದು ಒಂದು ಚಿಪ್. ಮುಂದೆ ಕಾಣುವ ಪುಟ್ಟ ವಾಲ್ವ್ ಬಹಳ ಕಡಿಮೆ ವೋಲ್ಟೇಜಿನಲ್ಲಿ ನೆಪಕ್ಕೆ ಕೆಲಸ ಮಾಡುತ್ತಿರುತ್ತದೆ, ಅದರ ಅಡಿಯಲ್ಲಿ ಕಿತ್ತಳೆ ಬಣ್ಣದ ಎಲ್ಇಡಿ ಇಟ್ಟಿರುತ್ತಾರೆ. ಚಿಪ್ ಆಂಪ್ಲಿಫೈಯರಾಗಿ ಅವು ಕೆಟ್ಟವಲ್ಲ, ಆದರೆ ವಾಲ್ವ್ ನಾದಕ್ಕಾಗಿ ಅವುಗಳಿಗೆ ಹಣ ಕೊಡುವುದು ವ್ಯರ್ಥ. ಸಂಕೇತವನ್ನು ಮೊದಲೇ ಹಿಗ್ಗಿಸಿ ಕೊಡುವ ಪ್ರತ್ಯೇಕ ಪ್ರೀಆಂಪ್ಲಿಫೈಯರ್ ಕೂಡ ಬಹುಪಾಲು ಮನೆಗಳಿಗೆ ಬೇಕಿಲ್ಲ. ಸಿಡಿ ಪ್ಲೇಯರ್, ಡಿಎಸಿ (ಡಿಜಿಟಲ್ ಸಂಗೀತವನ್ನು ವಿದ್ಯುತ್ ಸಂಕೇತವಾಗಿಸುವ ಪೆಟ್ಟಿಗೆ) ಎರಡೂ ಸುಮಾರು ಎರಡು ವೋಲ್ಟ್ ಕೊಡುವುದರಿಂದ ವಾಲ್ಯೂಮ್ ಗುಂಡಿ ಇರುವ ಇಂಟಿಗ್ರೇಟೆಡ್ ಸೆಟ್ ಸಾಕು. ಗ್ರಾಮಫೋನ್ ತಟ್ಟೆ ಕೇಳುವವರು ಮಾತ್ರ ತಟ್ಟೆಯ ಕ್ಷೀಣ ಸಂಕೇತವನ್ನು ಹಿಗ್ಗಿಸುವ ಫೋನೊ ಹಂತ ಇದೆಯೇ ಎಂದು ಕೇಳಿಕೊಳ್ಳಬೇಕು.

ಅಂಗಡಿಯಲ್ಲಿ ಎರಡು ಸೆಟ್ ಹೋಲಿಸುವಾಗ ಸದ್ದಿನ ಮಟ್ಟ ಸಮವಾಗಿರಲಿ, ಏಕೆಂದರೆ ಅರ್ಧ ಡೆಸಿಬೆಲ್ ಜೋರಾಗಿರುವುದೂ ನಮಗೆ ‘ಚೆನ್ನಾಗಿರುವುದು’ ಎಂದೇ ಕೇಳುತ್ತದೆ. ಸ್ಪೀಕರ್ ತಿರುಪುಗಳಿಗೆ ಮಲ್ಟಿಮೀಟರ್ ಹಿಡಿದು, ಒಂದೇ ಟೋನ್ ನುಡಿಸಿ, ವೋಲ್ಟೇಜ್ ಸಮ ಮಾಡಿಕೊಂಡರೆ ಮೋಸವಿಲ್ಲ. ಒಂದು ಸೆಟ್ ಬಿಟ್ಟು ಇನ್ನೊಂದಕ್ಕೆ ಸ್ಪೀಕರ್ ತಂತಿ ಬದಲಿಸುವ ಮುನ್ನ ಸ್ವಿಚ್ ಆರಿಸಿ. ಸ್ಪೀಕರ್ ಇಲ್ಲದೆ ನುಡಿಸಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನಲ್ಲಿ ವೋಲ್ಟೇಜ್ ಭುಗಿಲೆದ್ದು ಅದು ಸುಟ್ಟುಹೋಗಬಹುದು. ಸೆಟ್ ಕಾಯಲು ಇಪ್ಪತ್ತು ನಿಮಿಷ ಬಿಟ್ಟು, ನೀವು ಚೆನ್ನಾಗಿ ಬಲ್ಲ ಒಂದು ಕಂಠ, ಒಂದು ತನಿ ಆವರ್ತನ ಎರಡನ್ನೂ ಪೂರ್ತಿ ಕೇಳಿ. ಮನೆಗೆ ಒಯ್ದು ನೋಡಲು ಅಂಗಡಿಯವರು ಒಪ್ಪದಿದ್ದರೆ ನಿಮ್ಮ ಸ್ಪೀಕರನ್ನೇ ಕಾರಿನಲ್ಲಿ ಹಾಕಿಕೊಂಡು ಹೋಗಿ, ಹೆಚ್ಚಿನವರು ಅದಕ್ಕೆ ಬೇಡವೆನ್ನುವುದಿಲ್ಲ.